ಸೀನು ಮತ್ತು ಗಡ್ಡೆ

ನಮ್ಮ ಮನೆಯಲ್ಲಿ ಧೂಳೆದ್ದರೆ ಸೀನುವವರೇ ಹೆಚ್ಚು. ತಾಯಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದಾಗ ನೆಂಟರೊಬ್ಬರು, "ಅಲರ್ಜಿ ಇದ್ದವರಿಗೆ ಕ್ಯಾನ್ಸರ್ ಬರಲ್ಲ ಅಂತಾರಲ್ಲ?" ಎಂದು ಅಚ್ಚರಿಪಟ್ಟರು. ನಾವೂ ಯೋಚನೆಗೆ ಬಿದ್ದೆವು. ಬಡಪಾಯಿ ಧೂಳಿನ ಮೇಲೆ ಯುದ್ಧ ಸಾರುವ ರೋಗನಿರೋಧಕ ವ್ಯವಸ್ಥೆ ಗಡ್ಡೆಯ ಮುಂದೆ ಸುಮ್ಮನಿದ್ದುದೇಕೆ?

ಧೂಳು ಹೊರಗಿನದು. ಅದನ್ನು ಶತ್ರುವೆಂದು ಭ್ರಮಿಸಿ ದೇಹ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಕ್ಯಾನ್ಸರ್ ಕೋಶವಾದರೋ ಮನೆಯೊಳಗಿನದು. ಕಾವಲು ಕೋಶಗಳಿಗೇ ತಡೆ ಒಡ್ಡಿ ಬಚಾವಾಗಬಲ್ಲದು. ಆ ತಡೆ ತೆಗೆಯುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು.

ಅಲರ್ಜಿ ಇದ್ದವರಲ್ಲಿ ಗ್ಲಿಯೋಮ ಎಂಬ ಮೆದುಳಿನ ಗಡ್ಡೆ ಕಡಿಮೆಯೆಂದು ಹಲವು ಅಧ್ಯಯನಗಳು ಹೇಳಿವೆ. ಅಸ್ತಮಾ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಕಂಡದ್ದೂ ಇದೆ. ಸೀನನ್ನು ನಂಬಿ ಕೂರುವಂತಿಲ್ಲ. ಗಂಟು ಕೈಗೆ ಸಿಕ್ಕರೆ ತಡಮಾಡದೆ ವೈದ್ಯರಿಗೆ ತೋರಿಸೋಣ.