ಬೇಲಿ ಸಾಲಿನ ಜೀವಗಳು

ತುಮಕೂರು ಸೀಮೆಯ ಬಯಲಿನಲ್ಲಿ ಹೊಲಕ್ಕೆ ಬೇಲಿ ಎಂದರೆ ಹಸಿರು ಬೇಲಿಯೇ ಆಗಿದ್ದ ಕಾಲವೊಂದಿತ್ತು. ಲಕ್ಕಿ, ತಂಗಡಿ, ಆಡುಸೋಗೆ, ಕಾರೆಮುಳ್ಳು, ಮಧ್ಯೆ ಮಧ್ಯೆ ಒಂದು ಹೊಂಗೆ, ಒಂದು ಬೇವು. ಅವುಗಳ ಮೈಮೇಲೆಲ್ಲ ಹಬ್ಬಿದ ದಾಗಡಿ, ಕಾಗೆತೊಂಡೆ, ಗುಲಗಂಜಿ, ಈಶ್ವರಿ ಬಳ್ಳಿ. ಅದನ್ನು ಯಾರೂ ತೋಟ ಎಂದು ಕರೆಯಲಿಲ್ಲ, ಅದಕ್ಕೆ ಯಾರೂ ನೀರು ಹಾಯಿಸಲಿಲ್ಲ. ಆದರೂ ನಾನು ಕಂಡ ತೋಟಗಳಲ್ಲಿ ಅಷ್ಟೊಂದು ಜೀವಗಳಿಗೆ ಅನ್ನವಿಟ್ಟಿದ್ದು ಇನ್ನೊಂದಿಲ್ಲ.

ಬೇಲಿ ಹಾಕುವುದು ಮುಂಗಾರಿನ ಕೆಲಸ. ಮಣ್ಣು ಹದವಾದಾಗ ಲಕ್ಕಿ ಕಡ್ಡಿಗಳನ್ನು ಕಡಿದು ತಂದು ಸಾಲಾಗಿ ನೆಟ್ಟರೆ ಮುಗಿಯಿತು, ಅವು ತಾವೇ ಚಿಗುರುತ್ತಿದ್ದವು. ದನಕರು ಲಕ್ಕಿಗೆ ಬಾಯಿ ಹಾಕುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಆಡುಸೋಗೆಯನ್ನು ಆಡೂ ಬಿಟ್ಟು ಹೋಗುತ್ತದೆ. ಹೀಗೆ ಮೇಯದ ಗಿಡಗಳನ್ನೇ ಆರಿಸಿ ನೆಟ್ಟ ಹಿರಿಯರ ತಿಳಿವಳಿಕೆ ದೊಡ್ಡದು. ಉಳಿದದ್ದನ್ನು ಹಕ್ಕಿಗಳೇ ನೆಟ್ಟವು. ಬೇವಿನ ಹಣ್ಣು, ಕಾರೆ ಹಣ್ಣು, ಕೆಂಪಾದ ಕಾಗೆತೊಂಡೆ ತಿಂದ ಪಿಕಳಾರ ಬೇಲಿಯ ಮೇಲೆ ಕೂತು ಹಿಕ್ಕೆ ಹಾಕಿತೆಂದರೆ ಮುಂದಿನ ಮಳೆಗೆ ಅಲ್ಲೊಂದು ಸಸಿ.

ಮನೆಗೆ ಬೇಕಾದದ್ದೂ ಅಲ್ಲೇ ಸಿಗುತ್ತಿತ್ತು. ನೆಗಡಿಯಾದರೆ ಲಕ್ಕಿಸೊಪ್ಪಿನ ಹಬೆ, ಬಾಣಂತಿಯ ಸ್ನಾನಕ್ಕೆ ಲಕ್ಕಿಸೊಪ್ಪಿನ ನೀರು, ಸಂಜೆ ಕೊಟ್ಟಿಗೆಯಲ್ಲಿ ಸೊಳ್ಳೆಗೆ ಅದರದ್ದೇ ಹೊಗೆ. ಬುಟ್ಟಿ ಹೆಣೆಯಲು ಲಕ್ಕಿ ಕಡ್ಡಿ. ಬೇಸಿಗೆಯಲ್ಲಿ ಅಜ್ಜಿ ಒಂದು ಹಿಡಿ ದಾಗಡಿ ಸೊಪ್ಪನ್ನು ನೀರಿನಲ್ಲಿ ಕಿವುಚಿ ಸೋಸಿ ಇಡುತ್ತಿದ್ದಳು. ನೋಡನೋಡುತ್ತ ಆ ಹಸಿರು ನೀರು ಗಟ್ಟಿಯಾಗಿ ಅಲುಗಾಡುವ ಮುದ್ದೆಯಾಗುತ್ತಿತ್ತು. ಮೈ ತಂಪಾಗುತ್ತದೆ ಎಂದು ಅದಕ್ಕೆ ಸಕ್ಕರೆ ಬೆರೆಸಿ ಕೊಡುತ್ತಿದ್ದಳು. ಬೇಲಿ ಸವರಲು ಆಳುಗಳು ಕುಡುಗೋಲು ಹಿಡಿದು ಹೊರಟರೆ ಅವಳದು ಒಂದೇ ಮಾತು: "ಆ ಪೊದೆ ಬಿಡ್ರಪ್ಪಾ, ಹಕ್ಕಿ ಮರಿ ಮಾಡೈತೆ."

ಈಶ್ವರಿ ಬಳ್ಳಿಯ ಎಲೆ ಮಗುಚಿ ನೋಡಿದರೆ ಒಮ್ಮೊಮ್ಮೆ ಒಂದು ಕಂಬಳಿಹುಳು ಸಿಗುತ್ತಿತ್ತು. ಕಪ್ಪು ಮೈ, ಮೈತುಂಬ ಕೆಂಪು ಮೊನೆಗಳು. ಅದೇ ಮುಂದೆ ಕಪ್ಪು ರೆಕ್ಕೆ, ಕೆಂಪು ಒಡಲಿನ ಕ್ರಿಮ್ಸನ್ ರೋಸ್ ಚಿಟ್ಟೆ. ಬಳ್ಳಿಯ ವಿಷವನ್ನು ಅದು ಮೈಯಲ್ಲೇ ಇಟ್ಟುಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ರಾಜ್ಯದ ಚಿಟ್ಟೆಯೆಂದು ಸರ್ಕಾರ ಆರಿಸಿರುವ ಸಹ್ಯಾದ್ರಿಯ ದೊಡ್ಡ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದೂ ಇದೇ ಜಾತಿಯ ಬಳ್ಳಿಗಳ ಮೇಲೆ. ಎಕ್ಕದ ಗಿಡಕ್ಕೆ ಅದರದ್ದೇ ಚಿಟ್ಟೆ, ಕರಿಬೇವಿಗೆ ಅದರದ್ದೇ ಚಿಟ್ಟೆ. ಹೂವಿನ ಜೇನು ಯಾವುದಾದರೂ ನಡೆದೀತು, ಆದರೆ ಮರಿಹುಳಕ್ಕೆ ತನ್ನ ಗಿಡವೇ ಆಗಬೇಕು. ಆ ಗಿಡ ಹೋದರೆ ಆ ಚಿಟ್ಟೆ ಊರು ಬಿಟ್ಟಂತೆ. ಹುಳುಗಳು ಹೋದರೆ ಹಕ್ಕಿಗಳಿಗೂ ಉಪವಾಸ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ತಂದು ಕೊಡುವುದು ಹುಳುವನ್ನೇ.

ಇನ್ನು ಕಾಡುಪಾಪ. ತುಮಕೂರಿನ ಹತ್ತಿರದ ನಾಗವಲ್ಲಿಯ ಹೆಸರು ಕೇಳಿದವರಿಗೆ ಇದು ಗೊತ್ತಿರುತ್ತದೆ. ಬಟ್ಟಲುಗಣ್ಣಿನ, ಕಡ್ಡಿಯಂಥ ಕೈಕಾಲಿನ ಈ ಪುಟ್ಟ ಪ್ರಾಣಿ ಹಗಲೆಲ್ಲ ಪೊದೆಯಲ್ಲಿ ಮುದುಡಿ ಮಲಗಿ ರಾತ್ರಿ ಹುಳುಹುಪ್ಪಟೆ ಹುಡುಕುತ್ತದೆ. ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಕೈ ಚಾಚಿಕೊಂಡೇ ಸಾಗಬೇಕು. ಕಾಡಿಲ್ಲದ ಬಯಲಿನಲ್ಲಿ ಅದಕ್ಕೆ ಒಂದು ಮರದಿಂದ ಇನ್ನೊಂದು ಮರಕ್ಕೆ ದಾರಿಯಾಗಿದ್ದದ್ದು ಈ ಬೇಲಿಗಳೇ. 1972ರ ವನ್ಯಜೀವಿ ಕಾಯ್ದೆ ಕಾಡುಪಾಪವನ್ನು ಹಿಡಿಯುವುದು, ಕೊಲ್ಲುವುದು ಅಪರಾಧವೆನ್ನುತ್ತದೆ. ಆದರೆ ರೈತನ ಬೇಲಿಯನ್ನು ಕಾಯುವ ಕಾಯ್ದೆ ಇಲ್ಲ. ನಡುವೆ ಇಪ್ಪತ್ತು ಮಾರು ಬೇಲಿ ಕಿತ್ತರೆ ಅದರ ದಾರಿ ಅಲ್ಲಿಗೇ ಕಡಿಯಿತು.

ಬೇಲಿ ಹೋದದ್ದಕ್ಕೆ ರೈತರನ್ನಷ್ಟೇ ದೂರಲಾರೆ. ಸವರಲು ಆಳು ಸಿಗುವುದಿಲ್ಲ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಸಣ್ಣದಾದಾಗ ಬೇಲಿ ತಿನ್ನುವ ಒಂದು ಮಾರು ಜಾಗವೂ ಕಣ್ಣಿಗೆ ಬೀಳುತ್ತದೆ. ಜೆಸಿಬಿ ಬಂದ ಮೇಲಂತೂ ಹತ್ತಾರು ವರ್ಷ ಬೆಳೆದದ್ದು ಒಂದೇ ಮಧ್ಯಾಹ್ನಕ್ಕೆ ಬುಡಮೇಲು. ಆ ಜಾಗದಲ್ಲಿ ಕಲ್ಲುಕಂಬ, ಮುಳ್ಳುತಂತಿ. ಲೇಔಟ್ ಆದ ಕಡೆ ಕಾಂಪೌಂಡು ಗೋಡೆ. ಹಳೆಯ ಬೇಲಿಯಲ್ಲಿದ್ದುದೆಲ್ಲ ನಮ್ಮ ನೆಲದ್ದೇ ಎಂದೂ ಹೇಳುವುದಿಲ್ಲ. ನಾರು ಕೊಟ್ಟ ಕತ್ತಾಳೆ ಅಮೆರಿಕದ್ದು. ಲಂಟಾನವೂ ಅಲ್ಲಿಯದೇ, ಅದಂತೂ ಬೇಲಿ ದಾಟಿ ಕಾಡನ್ನೇ ನುಂಗಿತು.

ನನಗೆ ಹೆಚ್ಚು ನೋವಾಗುವುದು ಹೊಸ ಮನೆಗಳ ಅಂಗಳ ಕಂಡಾಗ. ಹಣವಿದೆ, ನೀರಿದೆ, ಗಿಡ ಬೆಳೆಸುವ ಆಸೆಯೂ ಇದೆ. ಆದರೆ ನರ್ಸರಿಯಿಂದ ಬರುವುದು ಡುರಾಂಟ, ಕ್ರೋಟನ್, ಕೋನೋಕಾರ್ಪಸ್, ಕತ್ತರಿಸಿದ ಹುಲ್ಲುಹಾಸು. ಎಲೆಯಲ್ಲಿ ಒಂದು ತೂತಿಲ್ಲ ಎಂದು ಮನೆಯವರು ಹೆಮ್ಮೆಪಡುತ್ತಾರೆ. ತೂತಿಲ್ಲವೆಂದರೆ ಅಲ್ಲಿ ಯಾರೂ ಉಣ್ಣುತ್ತಿಲ್ಲ ಎಂದೇ ಅರ್ಥ. ಹಸಿರು ಕಣ್ಣಿಗೆ ತುಂಬುತ್ತದೆ, ಟುವ್ವಿಹಕ್ಕಿಯ ಹೊಟ್ಟೆಗೆ ಏನೂ ಇಲ್ಲ.

ತಂತಿ ಬೇಲಿ ಹಾಕಿದವರು ಅದನ್ನು ಕೀಳಬೇಕಾಗಿಲ್ಲ. ಮೃಗಶಿರಾ ಮಳೆ ಬಿದ್ದಾಗ ಅದರ ಒಳಬದಿಗೆ ಒಂದು ಸಾಲು ಲಕ್ಕಿ ಕಡ್ಡಿ ನೆಡಿ, ತಂತಿಯ ಮೇಲೆ ದಾಗಡಿ ಹಬ್ಬಿಸಿ. ಪೇಟೆಯಲ್ಲಿರುವವರು ಕಾಂಪೌಂಡಿನ ಪಕ್ಕದ ಮೂರಡಿ ಮಣ್ಣಿಗೆ ಒಂದು ಕರಿಬೇವು, ಒಂದು ತಂಗಡಿ, ಸಿಕ್ಕರೆ ಒಂದು ಈಶ್ವರಿ ಬಳ್ಳಿ ಹಾಕಿ. ಊರಿನಲ್ಲಿ ಹಳೆಯ ಬೇಲಿ ಇನ್ನೂ ಉಳಿದಿದ್ದರೆ ಜೆಸಿಬಿ ಕರೆಯುವ ಮೊದಲು ಒಮ್ಮೆ ಅದರ ಉದ್ದಕ್ಕೂ ನಡೆದು ಬನ್ನಿ. ಎಲೆಗೆ ತೂತು ಬಿದ್ದರೆ ದಯವಿಟ್ಟು ಔಷಧಿ ಹೊಡೆಯಬೇಡಿ.