ರಗ್ಬಿ ಬಯಲಿನ ಒಳಗೂ ಹೊರಗೂ

ಹಳಗನ್ನಡ ಪದ್ಯಗಳ ಅನ್ವಯಾರ್ಥವನ್ನು ಬೋಧಿಸುತ್ತ ಬಂದಿರುವ ಪಂಡಿತನೊಬ್ಬನು ರಗ್ಬಿಯೆಂಬ ಪರದೇಶದ ಆಟವನ್ನು ಕುರಿತು ಲೇಖನಿ ಹಿಡಿದುದನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬೇರಿಸಬಹುದು. ನಮ್ಮ ವ್ಯಾಯಾಮ ಶಿಕ್ಷಕರ ಸಹವಾಸದಿಂದ ಅಂಟಿಕೊಂಡ ಆಸಕ್ತಿಯಿದು. 2023ರಲ್ಲಿ ಫ್ರಾನ್ಸಿನಲ್ಲಿ ವಿಶ್ವಕಪ್ ನಡೆದಾಗ ಅವರ ಮಗ್ಗುಲಲ್ಲಿ ಕುಳಿತು ಅನೇಕ ಪಂದ್ಯಗಳನ್ನು ನೋಡಿದೆನು. ಮೊಟ್ಟೆಯಾಕಾರದ ಚೆಂಡು, ಪಕ್ಷವೊಂದಕ್ಕೆ 15 ಮಂದಿ ದೃಢಕಾಯರು. ಚೆಂಡನ್ನು ಹಿಡಿದು ಮುಂದಕ್ಕೆ ಓಡಬಹುದು, ಕೈಯಿಂದ ಎಸೆಯುವುದಾದರೆ ಮಾತ್ರ ಮುಂದಕ್ಕೆ ಎಸೆಯಲಾಗದು. ಈ ನಿಯಮವು ನ್ಯೂಜಿಲೆಂಡಿಗೂ ಒಂದೇ, ನಮೀಬಿಯಕ್ಕೂ ಒಂದೇ. ಗೆರೆಯ ಒಳಗೆ ಭೇದವಿಲ್ಲ. ಭೇದವೆಲ್ಲ ಇರುವುದು ಗೆರೆಯ ಹೊರಗೆ.

1987ರಿಂದ 2023ರವರೆಗೆ ಹತ್ತು ವಿಶ್ವಕಪ್ಪುಗಳು ನಡೆದವು. ಗೆದ್ದ ದೇಶಗಳು ನಾಲ್ಕೇ: ನ್ಯೂಜಿಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಇಂಗ್ಲೆಂಡ್. 1995ರಲ್ಲಿ ನ್ಯೂಜಿಲೆಂಡ್ ಜಪಾನನ್ನು 145–17ರಿಂದ ಸೋಲಿಸಿತು. 2003ರಲ್ಲಿ ಆಸ್ಟ್ರೇಲಿಯವು ನಮೀಬಿಯವನ್ನು 142–0ಯಿಂದ. ಈ ಅಂಕಗಳನ್ನು ಕೇಳಿದ ನನ್ನ ಮಿತ್ರರು, “ಪಂಡಿತರೇ, ಜೋಡಿ ಸರಿಯಿಲ್ಲದ ಕುಸ್ತಿಯನ್ನು ಯಾರಾದರೂ ಬಿಡುತ್ತಾರೆಯೇ? ಇಂಥ ತಂಡಗಳನ್ನು ಬೇರೆಯೇ ಆಡಿಸುವುದು ಲೇಸು” ಎಂದರು. ಜಾತ್ರೆಯ ಕಣದ ಮಟ್ಟಿಗೆ ಅವರ ಮಾತು ದಿಟ. ಆದರೆ ಗರಡಿಯಲ್ಲಿ ಹುಡುಗನು ಪೈಲವಾನನಾಗುವುದು ತನ್ನಂಥ ಹುಡುಗರೊಡನೆ ಮಾತ್ರ ತೊಡೆ ತಟ್ಟಿಯೇ? ಉಸ್ತಾದನು ತಾನೇ ಮಣ್ಣಿಗಿಳಿದು ಪಟ್ಟು ಕಲಿಸುವುದಿಲ್ಲವೇ?

145 ಅಂಕಗಳನ್ನು ಬಿಟ್ಟುಕೊಟ್ಟ ಜಪಾನೇ ಇದಕ್ಕೆ ಉತ್ತರ. ಇಪ್ಪತ್ತು ವರ್ಷಗಳ ತರುವಾಯ, 2015ರ ಸೆಪ್ಟೆಂಬರ್ 19ರಂದು, ಅದು ದಕ್ಷಿಣ ಆಫ್ರಿಕವನ್ನು 34–32ರಿಂದ ಮಣಿಸಿತು. ಲೋಕವೇ ಬೆರಗಾಯಿತು. ಆದರೆ ನಾಲ್ಕೇ ದಿನಗಳಲ್ಲಿ ಆ ದಣಿದ ತಂಡವು, ಅದುವರೆಗೆ ಒಂದು ಪಂದ್ಯವನ್ನೂ ಆಡಿರದ ಸ್ಕಾಟ್ಲೆಂಡನ್ನು ಎದುರಿಸಬೇಕಾಯಿತು, 45–10ರಿಂದ ಸೋತಿತು. ನಾಲ್ಕರಲ್ಲಿ ಮೂರು ಪಂದ್ಯಗಳನ್ನು ಗೆದ್ದೂ ಮುಂದಿನ ಸುತ್ತು ಕೈತಪ್ಪಿತು. 2019ರಲ್ಲಿ ಜಪಾನೇ ಆತಿಥೇಯ ರಾಷ್ಟ್ರ. ಆಗ ಇದೇ ಸ್ಕಾಟ್ಲೆಂಡಿಗೆ ದೊರೆತ ಅವಧಿ ನಾಲ್ಕು ದಿನ, ಜಪಾನಿಗೆ ಎಂಟು ದಿನ! ಜಪಾನ್ 28–21ರಿಂದ ಗೆದ್ದು ಪ್ರಥಮ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಗೆಲುವು ಕೇವಲ ಪಂಚಾಂಗದ ಫಲವೆಂದು ನಾನು ಹೇಳಲಾರೆ. ಜಪಾನೀಯರ ಸಾಧನೆ ಸಾಮಾನ್ಯವಲ್ಲ. ಆದರೆ ವೇಳಾಪಟ್ಟಿಯನ್ನು ಬರೆಯುವ ಲೇಖನಿಗೂ ತೋಳ್ಬಲವುಂಟೆಂಬುದನ್ನು ಅಲ್ಲಗಳೆಯಲಾಗದು. 2023ರ ವಿಶ್ವಕಪ್ಪಿನಲ್ಲಿ ಎಲ್ಲ ತಂಡಗಳಿಗೂ ಕನಿಷ್ಠ ಐದು ದಿನಗಳ ವಿಶ್ರಾಂತಿಯನ್ನು ವಿಧಿಸಿದುದು ಬಹು ತಡವಾಗಿ ಬಂದ ವಿವೇಕ.

ಯೂರೋಪಿನಲ್ಲಿ ಆರು ದೇಶಗಳ ವಾರ್ಷಿಕ ಸ್ಪರ್ಧೆಯೊಂದುಂಟು. ಇಟಲಿಯು ಅದಕ್ಕೆ ಸೇರಿದುದು 2000ದಲ್ಲಿ. 2015ರಿಂದ 2022ರವರೆಗೆ ಅದು ಸತತವಾಗಿ 36 ಪಂದ್ಯಗಳನ್ನು ಸೋತಿತು. ಹೊರಗೆ ನಿಂತ ಜಾರ್ಜಿಯವು 2022ರ ಒಂದೇ ವರ್ಷದಲ್ಲಿ ಇಟಲಿಯನ್ನೂ, ಕಾರ್ಡಿಫಿನಲ್ಲಿ ವೇಲ್ಸನ್ನೂ ಸೋಲಿಸಿತು. ಆದರೂ ಅದಕ್ಕೆ ಬಾಗಿಲು ತೆರೆಯಲಿಲ್ಲ. ಹಾಗೆಂದು ಇಟಲಿಯನ್ನು ಹೊರದೂಡಿರೆಂದು ನಾನು ಹೇಳುವವನಲ್ಲ. 2024ರಲ್ಲಿ ಅದು ಸ್ಕಾಟ್ಲೆಂಡನ್ನೂ ವೇಲ್ಸನ್ನೂ ಗೆದ್ದು, ಫ್ರಾನ್ಸಿನೊಡನೆ ಸಮಬಲ ಸಾಧಿಸಿತು. ಬಲಿಷ್ಠರ ಪಂಕ್ತಿಯಲ್ಲಿ ಕುಳ್ಳಿರಿಸಿದುದರ ಫಲವದು. ಕಡೆಯ ಸ್ಥಾನ ಪಡೆದ ತಂಡವು ಹೊರಗಿನ ಶ್ರೇಷ್ಠ ತಂಡದೊಡನೆ ಒಮ್ಮೆ ತನ್ನ ನೆಲದಲ್ಲಿ, ಒಮ್ಮೆ ಅವರ ನೆಲದಲ್ಲಿ ಆಡಿ ಸ್ಥಾನವನ್ನು ಉಳಿಸಿಕೊಳ್ಳಲಿ ಎಂದಷ್ಟೇ ನನ್ನ ಬಿನ್ನಹ.

ಇನ್ನು ಹಣದ ವಿಚಾರ. ಸಮೋವದ ಜನಸಂಖ್ಯೆ ಸುಮಾರು ಎರಡು ಲಕ್ಷ. 1991ರಲ್ಲಿಯೇ ವೇಲ್ಸನ್ನು ಅದರ ನೆಲದಲ್ಲಿ ಸೋಲಿಸಿದ ಈ ದ್ವೀಪಕ್ಕೆ ನೆರೆಯ ನ್ಯೂಜಿಲೆಂಡ್ ತಂಡವು ಮೊತ್ತಮೊದಲ ಟೆಸ್ಟ್ ಪಂದ್ಯವನ್ನಾಡಲು ಬಂದುದು 2015ರಲ್ಲಿ. ಟಿಕೆಟ್ಟಿನ ಹಣವೆಲ್ಲ ಆತಿಥೇಯರದೆಂಬುದು ಈ ಆಟದ ಹಳೆಯ ಸಂಪ್ರದಾಯ. ಇಂದು ನಾನು ನಿಮ್ಮಲ್ಲಿಗೆ ಬಂದರೆ ನಾಳೆ ನೀವು ನಮ್ಮಲ್ಲಿಗೆ ಬರುವಿರಿ, ಲೆಕ್ಕ ಸರಿಹೋಗುವುದು ಎಂಬುದು ಅದರ ತರ್ಕ. ಆ ನಾಳೆಯೇ ಬಾರದಿದ್ದರೆ? 2017ರ ನವೆಂಬರಿನಲ್ಲಿ ಸಮೋವವು ಸುಮಾರು 82,000 ಪ್ರೇಕ್ಷಕರು ಹಿಡಿಸುವ ಟ್ವಿಕನ್‌ಹ್ಯಾಮಿನಲ್ಲಿ ಇಂಗ್ಲೆಂಡಿನೊಡನೆ ಆಡಿತು. ಪತ್ರಿಕೆಗಳ ವರದಿಯಂತೆ ಇಂಗ್ಲೆಂಡಿನ ಆಟಗಾರನಿಗೆ ಆ ಪಂದ್ಯಕ್ಕೆ ಸುಮಾರು 22,000 ಪೌಂಡು, ಸಮೋವದವನಿಗೆ 650. ಇಂಗ್ಲೆಂಡಿನ ಆಟಗಾರರು ಮನಕರಗಿ ತಲಾ 1,000 ಪೌಂಡುಗಳನ್ನು ಎದುರಾಳಿಗಳಿಗೆ ನೀಡಲು ನಿಶ್ಚಯಿಸಿದರು. ಅವರ ಹೃದಯವಂತಿಕೆ ಶ್ಲಾಘನೀಯವೇ. ಈ ಸಂಪುಟವನ್ನು ಓದುವ ದಾನಿಗಳು ಅನ್ಯಥಾ ಭಾವಿಸಬಾರದು. ದಾನಕ್ಕೆ ಅದರದೇ ಆದ ಘನತೆಯುಂಟು. ಆದರೆ ಆ ಕ್ರೀಡಾಂಗಣಕ್ಕೆ ಜನರನ್ನು ಸೆಳೆದವರು ಎರಡೂ ತಂಡದವರಲ್ಲವೇ? ದುಡಿದವನಿಗೆ ಸಲ್ಲಬೇಕಾದ ಪಾಲನ್ನೇ ಔದಾರ್ಯವೆಂದು ಕೊಟ್ಟರೆ, ಕೊಟ್ಟವನಿಗೆ ಕೀರ್ತಿ, ಪಡೆದವನ ತಲೆಯ ಮೇಲೆ ಋಣ. ಟಿಕೆಟ್ಟಿನ ಆದಾಯದಲ್ಲಿ ಅತಿಥಿ ತಂಡಕ್ಕೊಂದು ಪಾಲನ್ನು ನಿಯಮದಲ್ಲಿಯೇ ಬರೆದರೆ ಯಾರೂ ಯಾರಿಗೂ ಋಣಿಯಾಗಬೇಕಿಲ್ಲ.

2023ರ ಅಕ್ಟೋಬರಿನಲ್ಲಿ ವಿಶ್ವ ರಗ್ಬಿ ಸಂಸ್ಥೆಯು ಹನ್ನೆರಡು ಬಲಿಷ್ಠ ತಂಡಗಳ ಹೊಸ ಸ್ಪರ್ಧೆಯೊಂದಕ್ಕೆ ಸಮ್ಮತಿಸಿತು. ವಿಶ್ವಕಪ್ಪಿನ ತಂಡಗಳು 2027ಕ್ಕೆ 24 ಆಗುವುದೆಂದೂ ಆಗಲೇ ನಿರ್ಣಯಿಸಲಾಯಿತು. ಹನ್ನೆರಡರಲ್ಲಿ ಜಪಾನಿಗೂ ಫಿಜಿಗೂ ಸ್ಥಾನ ದೊರೆತುದು ಸಂತೋಷದ ಸಂಗತಿ. ಆದರೆ ಕೆಳಗಿನವರು ಮೇಲೇರುವ ಮಾರ್ಗವನ್ನು 2030ಕ್ಕೆ ಮುಂದೂಡಿದರು. ಜಾರ್ಜಿಯದ ಇಂದಿನ ಆಟಗಾರರಲ್ಲಿ ಎಷ್ಟು ಮಂದಿಯ ಮೊಣಕಾಲು ಅಲ್ಲಿಯವರೆಗೆ ಉಳಿದೀತು? 2026ರ ಜುಲೈಯ ವೇಳಾಪಟ್ಟಿಯಲ್ಲಿ ಮತ್ತೊಂದು ವಿಚಿತ್ರವುಂಟು. ಫಿಜಿಯ ‘ತವರಿನ’ ಪಂದ್ಯಗಳನ್ನು ಕಾರ್ಡಿಫ್, ಲಿವರ್‌ಪೂಲ್, ಎಡಿನ್‌ಬರೋಗಳಿಗೆ ಗೊತ್ತುಪಡಿಸಿದರು. ಎದುರಾಳಿಗಳು ಕ್ರಮವಾಗಿ ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್! ನಾಲ್ಕು ದಶಕಗಳಿಗೆ ಸಮೀಪಿಸುವಷ್ಟು ಕಾಲ ನಿಘಂಟಿನೊಡನೆ ಒಡನಾಡಿದ ನನಗೆ ತವರು ಎಂಬ ಪದಕ್ಕೆ ಇಂಥ ಅರ್ಥ ಎಲ್ಲಿಯೂ ದೊರೆತಿಲ್ಲ. ದೊಡ್ಡ ಕ್ರೀಡಾಂಗಣದಲ್ಲಿ ಹಣ ಹೆಚ್ಚು ಒದಗುವುದೆಂಬ ಸಮಾಧಾನವೇನೋ ಉಂಟು. ಆದರೆ 2022ರಲ್ಲಿ ಫಿಜಿಯ ದ್ರುವ ತಂಡವು ದಕ್ಷಿಣ ಗೋಳಾರ್ಧದ ಲೀಗಿಗೆ ಸೇರಿದಂದಿನಿಂದ ಸುವಾ, ಲೌಟೋಕ ಪಟ್ಟಣಗಳಲ್ಲಿ ಪಂದ್ಯಗಳು ನಡೆದು, ಜನರು ಕಿಕ್ಕಿರಿದು ನೋಡಿದ್ದಾರೆ. ಇಂಗ್ಲೆಂಡನ್ನು 2023ರಲ್ಲಿ ಟ್ವಿಕನ್‌ಹ್ಯಾಮಿನಲ್ಲಿಯೇ ಸೋಲಿಸಿದ ತಮ್ಮ ಹುಡುಗರು ಅದೇ ಇಂಗ್ಲೆಂಡನ್ನು ತಮ್ಮೂರಿನಲ್ಲಿ ಎದುರಿಸುವುದನ್ನು ನೋಡಲು ಆ ಜನರು ಇನ್ನೂ ಕಾಯಬೇಕಾಗಿದೆ.