ಅವ್ವನ ಪುತಳಿ ಸರ

ನಮ್ಮ ತಾಯಿಯವರು ಲಿಂಗೈಕ್ಯರಾದ ತರುವಾಯ ಅವರ ಪೆಟ್ಟಿಗೆಯಲ್ಲಿ ಒಂದು ಹಳೆಯ ಪುತಳಿ ಸರ ದೊರೆಯಿತು. ನಾವು, ನಮ್ಮ ತಮ್ಮ ಮತ್ತು ತಂಗಿ, ಮೂವರೇ ವಾರಸುದಾರರು. ಮಠದಲ್ಲಿ ಓದಿ ಪ್ರವಚನ ಹೇಳುವ ಹಿರಿಯರೆಂದು ತೀರ್ಮಾನವನ್ನು ನಮಗೇ ಬಿಟ್ಟರು. "ಹೊನ್ನಿನಲ್ಲೇನಿದೆ? ಕರಗಿಸಿ ಸಮನಾಗಿ ಹಂಚಿಕೊಂಡರಾಯಿತು" ಎಂದೆವು. ಅದು ವೈರಾಗ್ಯದ ಮಾತೆಂದೇ ನಮ್ಮ ಭಾವನೆ. ಆಗ ತಂಗಿ, "ಅಣ್ಣಾ, ಕರಗಿಸಿದ ಮ್ಯಾಲ ಅದರಾಗ ಅವ್ವ ಎಲ್ಲಿ ಉಳೀತಾಳ?" ಎಂದಳು. ಶಾಸ್ತ್ರವೋದಿದ ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅಂದು ರಾತ್ರಿ ಸರವನ್ನು ದೀಪಕ್ಕೆ ಹಿಡಿದು ನೋಡಿದೆವು. ಪ್ರತಿ ಬಿಲ್ಲೆಯ ಮೇಲೆಯೂ ನಿಂತ ಒಬ್ಬ ಪುರುಷ, ಅವನೆದುರು ಮೊಣಕಾಲೂರಿದ ಇನ್ನೊಬ್ಬ. ಬಾಲ್ಯದಲ್ಲಿ ಕೇಳಿದಾಗ ಅವ್ವ, "ಗುರುವಿನ ಮುಂದ ಶಿಷ್ಯ ಬಾಗ್ಯಾನ ನೋಡು" ಎನ್ನುತ್ತಿದ್ದರು.

ಆ ಚಿತ್ರದ ಮೂಲ ಇಟಲಿಯ ವೆನಿಸ್ ನಗರದಲ್ಲಿದೆ. ಆ ಗಣರಾಜ್ಯವು 1284ರಲ್ಲಿ ಡುಕಾಟ್ ಎಂಬ ಬಂಗಾರದ ನಾಣ್ಯವನ್ನು ಟಂಕಿಸತೊಡಗಿತು. ತೂಕ ಸುಮಾರು ಮೂರೂವರೆ ಗ್ರಾಂ, ಬಹುತೇಕ ಅಪರಂಜಿ. ಒಂದು ಮುಖದಲ್ಲಿ ಸಂತ ಮಾರ್ಕನಿಂದ ಮೊಣಕಾಲೂರಿ ಧ್ವಜ ಪಡೆಯುವ ಅಲ್ಲಿಯ ಅಧಿಪತಿ, ಇನ್ನೊಂದರಲ್ಲಿ ನಕ್ಷತ್ರಗಳ ನಡುವೆ ಯೇಸು. 1797ರಲ್ಲಿ ನೆಪೋಲಿಯನ್ನನಿಂದ ಆ ಗಣರಾಜ್ಯವು ಅಳಿಯುವವರೆಗೂ ಈ ಮಾದರಿ ಹೆಚ್ಚು ಬದಲಾಗಲಿಲ್ಲ. ಮೆಣಸಿನಂಥ ಸಂಬಾರ ಪದಾರ್ಥಗಳ ಬೆಲೆಯಾಗಿ ಈಜಿಪ್ಟ್ ಮತ್ತು ಕೆಂಪು ಸಮುದ್ರದ ಮಾರ್ಗದಿಂದ ಅದು ನಮ್ಮ ಪಶ್ಚಿಮ ಕರಾವಳಿಯನ್ನು ತಲುಪಿತು. ಬೊಂಬೆಯಂಥ ಆಕೃತಿಗಳನ್ನು ಕಂಡ ನಮ್ಮ ಜನ ಅದನ್ನು 'ಪುತಳಿ' ಎಂದು ಕರೆದು ಕೊರಳಿಗೇರಿಸಿದರು. ಕ್ರಮೇಣ ಇಲ್ಲಿಯ ಅಕ್ಕಸಾಲಿಗರೇ ಅದರ ಪ್ರತಿಗಳನ್ನು ಮಾಡತೊಡಗಿದರು. ಅವರ ಕೈಯಲ್ಲಿ ಪರದೇಶದ ಅಕ್ಷರಗಳು ಬರಿಯ ಗೆರೆಗಳಾದವು. ಅವ್ವನ ಸರವೂ ಅಂಥದೇ. ಹೆಸರುಗಳು ಬೇರೆಯಾದರೂ ಬಾಗಿದವನ ಭಾವವನ್ನು ಅವ್ವ ಸರಿಯಾಗಿಯೇ ಗ್ರಹಿಸಿದ್ದರು.

ನಾಣ್ಯವನ್ನು ಒಡವೆಯಾಗಿಸುವ ರೂಢಿ ಇನ್ನೂ ಪುರಾತನವಾದುದು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ರೋಮನ್ ಬಂಗಾರದ ನಾಣ್ಯಗಳಲ್ಲಿ ಪೋಣಿಸಲೆಂದು ಕೊರೆದ ಜೋಡಿ ರಂಧ್ರಗಳಿವೆ. ಆಸ್ಟ್ರಿಯದ ರಾಣಿ ಮರಿಯಾ ಥೆರೇಸಾ 1780ರಲ್ಲಿ ಮರಣ ಹೊಂದಿದಳು. ಆಕೆಯ ಬೆಳ್ಳಿಯ ನಾಣ್ಯವನ್ನು ಮಾತ್ರ ಅದೇ ಇಸವಿಯೊಂದಿಗೆ ಮತ್ತೆ ಮತ್ತೆ ಮುದ್ರಿಸಿದರು. ಯೆಮೆನ್, ಇಥಿಯೋಪಿಯಗಳ ಹೆಂಗಸರು ಅದನ್ನು ಸರಕ್ಕೆ ಪೋಣಿಸಿದರು. ಆ ರಾಣಿ ಯಾರೆಂದು ಅವರಿಗೆ ಬೇಕಿರಲಿಲ್ಲ. ಕಷ್ಟಕಾಲದಲ್ಲಿ ಒಂದೊಂದಾಗಿ ಬಿಚ್ಚಿ ಕೊಡಬಹುದಾದ, ಹೆಣ್ಣಿನ ಕೈಯಲ್ಲೇ ಇರುವ ಗಂಟು ಅದು.

ಮರುದಿನ ತಂಗಿ ಸರದ ತೆರಪುಗಳನ್ನು ಬೆರಳಿಟ್ಟು ತೋರಿಸಿದಳು. 1972ರ ಬರಗಾಲದಲ್ಲಿ ಎರಡು ಪುತಳಿಗಳು ಜೋಳವಾಗಿ, ನಮ್ಮ ಮನೆಗಷ್ಟೇ ಅಲ್ಲ, ಓಣಿಯ ಮೂರು ಮನೆಗಳಿಗೆ ಅನ್ನವಾಗಿದ್ದವು. ನಾವು ಸಂಸ್ಕೃತ ವ್ಯಾಸಂಗಕ್ಕೆ ಕಾಶಿಗೆ ಹೊರಟಾಗ ಮತ್ತೆರಡು ಹೋಗಿದ್ದವು. ಇದು ಇಷ್ಟು ವರ್ಷ ನಮಗೆ ತಿಳಿದಿರಲೇ ಇಲ್ಲ. ಕಾಯಕ, ದಾಸೋಹಗಳ ಕುರಿತು ನಾವು ಊರೂರಲ್ಲಿ ಮಾತನಾಡಿದ್ದೇವೆ. ಅವ್ವ ಮಾತಿಲ್ಲದೆ ಆಚರಿಸಿದ್ದರು.

ಶರಣರು ದೂರಿದ್ದು ಲೋಹವನ್ನಲ್ಲ, ಅದರ ಮೇಲಿನ ಆಸೆಯನ್ನು. ನಿರಾಸೆಯಿಂದ ಧರಿಸಿ, ಹೊತ್ತು ಬಂದಾಗ ಬಿಚ್ಚಿಕೊಟ್ಟವರ ಒಡವೆಯನ್ನು ತೂಕದ ಲೆಕ್ಕಕ್ಕಿಳಿಸಿದ ನಾವೇ ಆಸೆಯ ದಾರಿಯಲ್ಲಿದ್ದೆವು. ಇಂದು ಅನೇಕ ಮನೆಗಳಲ್ಲಿ ಅಜ್ಜಿಯ ಟೀಕಿ, ಬೋರಮಾಳಗಳನ್ನು ಕರಗಿಸುತ್ತಾರೆ; ಅದೇ ಅಂಗಡಿಯಲ್ಲಿ ಹಳತರಂತೆ ಮಾಸಲು ಬಣ್ಣ ಕೊಟ್ಟ ಹೊಸ 'ಆ್ಯಂಟಿಕ್' ಒಡವೆಯನ್ನು ಮಜೂರಿ ತೆತ್ತು ಕೊಳ್ಳುತ್ತಾರೆ. ಬಣ್ಣವನ್ನು ಕೊಳ್ಳಬಹುದು, ಅದನ್ನು ಧರಿಸಿದ ಜೀವದ ಕಥೆಯನ್ನು ಕೊಳ್ಳಲಾಗದು.

ಕೊನೆಗೆ ಸರವನ್ನು ಕರಗಿಸಲಿಲ್ಲ. ಉಳಿದ ಹನ್ನೆರಡು ಪುತಳಿಗಳನ್ನು ಇಡಿಯಾಗಿಯೇ ಹಂಚಿಕೊಂಡೆವು. "ಅಣ್ಣಾ, ನಿಮ್ಮವು ಎರಡು ಆಗಲೇ ಕಾಶಿಗೆ ಹೋಗ್ಯಾವ" ಎಂದು ತಂಗಿ ನಕ್ಕಳು. ತಮ್ಮ, ತಂಗಿ ಐದೈದು ತೆಗೆದುಕೊಂಡರು. ನಮಗೆ ಎರಡು ಬಂದವು. ಅವು ಈಗ ನಮ್ಮ ಸೊಸೆಯ ಕೊರಳಲ್ಲಿವೆ. ಬಾಗಿದವನಾರೆಂದು ಮೊಮ್ಮಗಳು ಕೇಳಿದಾಗ ನಾವು ವೆನಿಸಿನ ಕಥೆಯನ್ನು ಹೇಳುತ್ತೇವೆ, ಬಳಿಕ ಅವ್ವನ ಮಾತನ್ನೂ ಹೇಳುತ್ತೇವೆ.